ಶಿಮ್ಲಾ: ಅಮ್ಮನ ಮೊಣಕಾಲು ಒಪ್ಪಿದ ದಾರಿಗಳು

ಶಿಮ್ಲಾ ಬಸ್ ನಿಲ್ದಾಣದಲ್ಲಿ ಕಾಲಿಟ್ಟ ಕೂಡಲೇ ಟ್ಯಾಕ್ಸಿಯವರು ಒಂದು ಕಾರ್ಡು ಕೈಗಿಡುತ್ತಾರೆ. ಕುಫ್ರಿ, ಫಾಗು, ನಾಲ್ದೇರಾ, ಜಾಖೂ ಎಂದು 'ಪಾಯಿಂಟ್'ಗಳ ಲೆಕ್ಕ. ಒಂದು ದಿನಕ್ಕೆ ಇಷ್ಟು ಪಾಯಿಂಟು, ಇಷ್ಟು ರೇಟು. ಆ ಕಾರ್ಡು ಮಡಚಿ ಜೇಬಿಗಿಟ್ಟುಕೊಂಡು ನನ್ನದೇ ಒಂದು ಪಟ್ಟಿ ಮಾಡಿಕೊಂಡೆ. ಕಾರಣ ಅಮ್ಮ. ಎಪ್ಪತ್ತರ ಹತ್ತಿರ ಬಂದಿದ್ದಾಳೆ, ಮೊಣಕಾಲು ನೋವು, ಆದರೆ ಗಿಡಮರದ ನಡುವೆ ನಡೆಯುವ ಆಸೆ ಮಾತ್ರ ಕಡಿಮೆಯಾಗಿಲ್ಲ. ಹೊಸಪೇಟೆಯ ಬಿಸಿಲಲ್ಲಿ ಬೆಳೆದವಳಿಗೆ ದೇವದಾರು ಮರದ ನೆರಳು ತೋರಿಸಬೇಕೆಂದು ನಾನು ಹಠ ಹಿಡಿದಿದ್ದೆ.

ಬೆಟ್ಟದ ಊರಿನಲ್ಲಿ ಮೊಣಕಾಲು ನೋವಿನವರು ಹೇಗೆ ನಡೆಯಬೇಕು? ಭೂಪಟ ಹರಡಿಕೊಂಡು ಕುಳಿತಾಗ ಒಂದು ಸಂಗತಿ ಹೊಳೆಯಿತು. ಹಿಮಾಚಲದ ಈ ರಾಜಧಾನಿ ಪೂರ್ವ-ಪಶ್ಚಿಮವಾಗಿ ಚಾಚಿಕೊಂಡ ಒಂದು ಬೆಟ್ಟದ ಬೆನ್ನಿನ ಮೇಲಿದೆ. ಪೂರ್ವಕ್ಕೆ 2,455 ಮೀಟರ್ ಎತ್ತರದ ಜಾಖೂ, ಪಶ್ಚಿಮಕ್ಕೆ ಅಬ್ಸರ್ವೇಟರಿ ಹಿಲ್, ಪ್ರಾಸ್ಪೆಕ್ಟ್ ಹಿಲ್, ಸಮ್ಮರ್ ಹಿಲ್. ಬ್ರಿಟಿಷರು ಇಲ್ಲಿನ ಹಳೆಯ ರಸ್ತೆಗಳನ್ನು ಬೆಟ್ಟವನ್ನು ನೇರ ಹತ್ತಿಸದೆ, ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಬೆಟ್ಟವನ್ನು ಬಳಸಿ ಎಳೆದಿದ್ದಾರೆ. ಕಷ್ಟವಿರುವುದು ಒಂದು ಮಟ್ಟದಿಂದ ಇನ್ನೊಂದಕ್ಕೆ ಹೋಗುವಾಗ. ಅಲ್ಲಿಗೆ ರೈಲು, ಲಿಫ್ಟ್, ರೋಪ್‌ವೇ, ಬಸ್ಸು ಇವೆ. ಹಾಗಾಗಿ ನನ್ನ ನಿಯಮ ಇಷ್ಟೇ ಆಯಿತು: ಏರುವುದಕ್ಕೂ ಇಳಿಯುವುದಕ್ಕೂ ಗಾಡಿ, ಮಟ್ಟದ ದಾರಿಗೆ ಕಾಲು. ಇಳಿಜಾರು ಸುಲಭ ಅಂತ ಮೊಣಕಾಲು ಗಟ್ಟಿಯಿದ್ದವರು ಹೇಳುತ್ತಾರೆ, ನೋವಿದ್ದವರನ್ನು ಕೇಳಿ ನೋಡಿ.

ಮೊದಲ ನಡಿಗೆ ಮಾಲ್ ರಸ್ತೆಯಿಂದ ಪಶ್ಚಿಮಕ್ಕೆ. ಕೆಳಗಿನ ಕಾರ್ಟ್ ರೋಡಿನಿಂದ ಮಾಲ್‌ಗೆ ಹಿಮಾಚಲ ಪ್ರವಾಸೋದ್ಯಮ ನಿಗಮದ ಲಿಫ್ಟ್ ಇದೆ, ಮೆಟ್ಟಿಲ ಗೊಡವೆಯೇ ಇಲ್ಲ. ಮೇಲೆ ಪ್ರವಾಸಿಗರ ವಾಹನಗಳಿಗೆ ಪ್ರವೇಶವಿಲ್ಲದ್ದರಿಂದ ಹಾರ್ನ್ ಕಾಟವಿಲ್ಲ. ಸ್ಕ್ಯಾಂಡಲ್ ಪಾಯಿಂಟ್ ಬಿಟ್ಟು ಗಾರ್ಟನ್ ಕ್ಯಾಸಲ್, ವಿಧಾನಸಭೆ, ಚೌರಾ ಮೈದಾನ ದಾಟುವಷ್ಟರಲ್ಲಿ ಜನ ಕರಗಿ, ಎರಡೂ ಕಡೆ ದೇವದಾರು ಒತ್ತಿಕೊಂಡು ಬರುತ್ತದೆ. ನಾಲ್ಕು ಕಿಲೋಮೀಟರ್ ಆಸುಪಾಸಿನ ದಾರಿ. ಅಲ್ಲಲ್ಲಿ ಕೂರಲು ಬೆಂಚುಗಳಿವೆ. ಅಮ್ಮ ಸುಮಾರು ಎಲ್ಲ ಬೆಂಚುಗಳನ್ನೂ ಪರೀಕ್ಷಿಸಿದಳು.

ಈ ದಾರಿಯ ಕೊನೆಗಿರುವುದು ಅಬ್ಸರ್ವೇಟರಿ ಹಿಲ್ ಮೇಲಿನ ಹಳೆಯ ವೈಸರೀಗಲ್ ಲಾಡ್ಜ್, ಬ್ರಿಟಿಷ್ ವೈಸ್‌ರಾಯ್‌ಗಳ ಬೇಸಿಗೆಯ ಮನೆ. 1888ರಲ್ಲಿ ಮುಗಿದ ಈ ಬೂದುಗಲ್ಲಿನ ಕಟ್ಟಡದ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ಮುಂದೆ ಮೈಸೂರಿನ ಅಂಬಾವಿಲಾಸ ಅರಮನೆಗೆ ನಕ್ಷೆ ಹಾಕಿದವನೂ ಅವನೇ. ಮೈಸೂರಿನ ಗುಮ್ಮಟ, ಕಮಾನುಗಳ ಬೆಡಗು ನೋಡಿದವರಿಗೆ ಈ ಗಂಭೀರ ಇಂಗ್ಲಿಷ್ ಕೋಟೆಯಂಥದ್ದೂ ಅದೇ ಕೈಯದು ಎಂದರೆ ನಂಬುವುದು ಕಷ್ಟ. ಇನ್ನೂ ಒಂದು ಮೈಸೂರು ನಂಟಿದೆ. ಸ್ವಾತಂತ್ರ್ಯದ ನಂತರ ಇದು ರಾಷ್ಟ್ರಪತಿ ನಿವಾಸವಾಗಿತ್ತು. ಒಂದು ಕಾಲಕ್ಕೆ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ ಅವರು ರಾಷ್ಟ್ರಪತಿಯಾಗಿದ್ದಾಗ ಇದನ್ನು ವಿದ್ವಾಂಸರಿಗೆ ಬಿಟ್ಟುಕೊಟ್ಟು, 1965ರಲ್ಲಿ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ಉದ್ಘಾಟಿಸಿದರು. ಒಳಗಿನ ಸುತ್ತಾಟಕ್ಕೆ ಟಿಕೆಟ್ ಇದೆ, 1945ರ ಶಿಮ್ಲಾ ಸಮ್ಮೇಳನದ ಕಥೆ ಅಲ್ಲಿ ಕೇಳಬಹುದು. ನನ್ನ ಮಟ್ಟಿಗೆ ಹೊರಗಿನ ಹುಲ್ಲುಹಾಸು, ಹೂವಿನ ಪಾತಿಗಳೇ ಹೆಚ್ಚು. ಸಾಧ್ಯವಾದರೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಮೇಲೆ ಟ್ಯಾಕ್ಸಿಗಳ ದಂಡು ಬರುತ್ತದೆ.

ಇಲ್ಲಿಂದ ವಾಪಸು ನಡೆಯುವ ಬದಲು ಬಾಲೂಗಂಜ್ ಕಡೆಗೆ ಬಂದರೆ ಬಸ್ಸು ಸಿಗುತ್ತದೆ. ಬಾಲೂಗಂಜಿನಿಂದಲೇ ಪ್ರಾಸ್ಪೆಕ್ಟ್ ಹಿಲ್‌ನ ಕಾಮನಾ ದೇವಿ ಗುಡಿಗೆ ಒಂದು ಏರು ದಾರಿ ಹೋಗುತ್ತದೆ. ಅಮ್ಮನನ್ನು ಚಹಾ ಅಂಗಡಿಯಲ್ಲಿ ಕೂರಿಸಿ ನಾನೊಬ್ಬನೇ ಹತ್ತಿ ಬಂದೆ. ಮೇಲಿಂದ ಜುತೋಗ್, ತಾರಾದೇವಿ ಬೆಟ್ಟಗಳು, ನಡುವೆ ಆಟಿಕೆಯಂತೆ ಸಾಗುವ ರೈಲು. ಇಳಿದು ಬರುವಷ್ಟರಲ್ಲಿ ಅಮ್ಮ ಅಂಗಡಿಯಾಕೆಯ ಜೊತೆ ಹರಕು ಹಿಂದಿಯಲ್ಲಿ ಕೀಲುನೋವಿನ ಮದ್ದು ವಿನಿಮಯ ಮಾಡಿಕೊಂಡಿದ್ದಳು.

ರೈಲಿನ ವಿಷಯ ಬಂತು. ಕಾಲ್ಕಾ–ಶಿಮ್ಲಾ ಮಾರ್ಗ 1903ರದು, 96 ಕಿಲೋಮೀಟರ್, ನೂರಕ್ಕೂ ಹೆಚ್ಚು ಸುರಂಗ, 2008ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. 656 ಮೀಟರಿನಿಂದ 2,076 ಮೀಟರಿಗೆ ಹತ್ತುವುದಕ್ಕೆ ಐದು ತಾಸಿಗೂ ಹೆಚ್ಚು ಹಿಡಿಯುತ್ತದೆ. ಎಲ್ಲರೂ ಅದನ್ನು ಪ್ರಯಾಣವೆಂದೇ ಹಿಡಿಯುತ್ತಾರೆ. ನಾನು ಅದನ್ನು ಲಿಫ್ಟಿನ ಹಾಗೂ ಬಳಸಿದೆ: ಶಿಮ್ಲಾ ನಿಲ್ದಾಣದಿಂದ ಒಂದೇ ಸ್ಟೇಷನ್ನು, ಸಮ್ಮರ್ ಹಿಲ್. ಮರಗಳ ನಡುವಿನ ಪುಟ್ಟ ಪ್ಲಾಟ್‌ಫಾರ್ಮು, ಮೇಲೆ ಹಿಮಾಚಲ ವಿಶ್ವವಿದ್ಯಾಲಯ, ಸುತ್ತ ನೆರಳಿನ ರಸ್ತೆ. ಗಾಂಧೀಜಿ ಶಿಮ್ಲಾಕ್ಕೆ ಬಂದಾಗ ಉಳಿಯುತ್ತಿದ್ದ ರಾಜಕುಮಾರಿ ಅಮೃತ್ ಕೌರ್ ಅವರ ಮನೆ ಮ್ಯಾನರ್‌ವಿಲ್ ಇರುವುದೂ ಈ ಕಡೆಯೇ. ಹೊರಡುವ ಮೊದಲು ಮರಳಿ ಬರುವ ರೈಲಿನ ಹೊತ್ತು ಬರೆದಿಟ್ಟುಕೊಳ್ಳಿ. ದಿನಕ್ಕೆ ಬೆರಳೆಣಿಕೆಯಷ್ಟೇ ರೈಲುಗಳು.

ಸಮ್ಮರ್ ಹಿಲ್‌ನಿಂದ ಚಾಡ್ವಿಕ್ ಜಲಪಾತಕ್ಕೆ ದಾರಿಯಿದೆ, ಕಡಿದಾದ ಇಳಿಜಾರು. ನಾವು ಹೋದದ್ದು ಏಪ್ರಿಲ್‌ನಲ್ಲಿ, ಆಗ ಅಲ್ಲಿ ನೀರು ಸಣ್ಣ ಧಾರೆಯಷ್ಟೇ ಎಂದು ಊರವರು ಹೇಳಿದ್ದರಿಂದ ಕೈಬಿಟ್ಟೆವು. ಮಳೆಗಾಲದಲ್ಲಿ ಅದು ಮೈದುಂಬುತ್ತದೆ ನಿಜ. ಆದರೆ ಜುಲೈ-ಆಗಸ್ಟ್‌ನಲ್ಲಿ ಹಿರಿಯರನ್ನು ಕರೆದುಕೊಂಡು ಶಿಮ್ಲಾಕ್ಕೆ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. 2023ರ ಆಗಸ್ಟ್ 14ರಂದು ಇದೇ ಸಮ್ಮರ್ ಹಿಲ್‌ನಲ್ಲಿ ಗುಡ್ಡ ಕುಸಿದು ಶಿವನ ಗುಡಿಯೊಂದು ಕೊಚ್ಚಿಹೋಯಿತು, 20 ಜನ ಸತ್ತರು, ರೈಲು ಹಳಿಯ ಕೆಳಗಿನ ಮಣ್ಣೇ ಜಾರಿ ಹಳಿ ಗಾಳಿಯಲ್ಲಿ ತೂಗಾಡಿತು. ಮಾರ್ಚ್ ಕೊನೆಯಿಂದ ಏಪ್ರಿಲ್ ತನಕ ಹೋದರೆ ಬೆಟ್ಟದಲ್ಲಿ ಬುರಾಂಶ್ ಕೆಂಪಗೆ ಅರಳಿರುತ್ತದೆ. ಅದರ ಹೂವಿನ ಶರಬತ್ತೂ ಸಿಗುತ್ತದೆ. ನನಗೆ ಅಷ್ಟೇನೂ ರುಚಿಸಲಿಲ್ಲ.

ಪೂರ್ವದ ತುದಿ ಜಾಖೂ. ರಿಡ್ಜ್ ಮೈದಾನದ ಚರ್ಚಿನ ಪಕ್ಕದಿಂದ ಹತ್ತುವ ದಾರಿ ನಿಜವಾದ ಏರು. ಯಾವ ವಯಸ್ಸಿನವರು ಎಷ್ಟು ನಿಮಿಷದಲ್ಲಿ ಹತ್ತಿದರೆ ಗಟ್ಟಿಮುಟ್ಟು ಎಂದು ಬೋರ್ಡು ಬೇರೆ ಹಾಕಿದ್ದಾರೆ. ಅಮ್ಮ ರೋಪ್‌ವೇ ಹಿಡಿದಳು. ಮೇಲೆ 2010ರಲ್ಲಿ ನಿಲ್ಲಿಸಿದ 108 ಅಡಿಯ ಹನುಮಂತ, ಅವನ ಕಾಲಬುಡದಲ್ಲಿ ಅವನ ಸಂತತಿ. ಈ ಮಂಗಗಳು ಕನ್ನಡಕ ಕಸಿಯುವುದರಲ್ಲಿ ನಿಪುಣರು, ಪ್ರಸಾದ ಕೊಟ್ಟರಷ್ಟೇ ವಾಪಸು. ಕನ್ನಡಕ, ಮೊಬೈಲು, ತಿಂಡಿಯ ಚೀಲ ಮೂರನ್ನೂ ಒಳಗಿಟ್ಟುಕೊಂಡು, ಬಾಡಿಗೆಗೆ ಸಿಗುವ ಕೋಲೊಂದನ್ನು ಹಿಡಿದರೆ ನಿಶ್ಚಿಂತೆ. ಸಂಜೀವಿನಿ ತರಲು ಹೊರಟ ಹನುಮಂತ ಇಲ್ಲಿ ಇಳಿದಿದ್ದ ಎಂಬುದು ಸ್ಥಳಪುರಾಣ. ಅಮ್ಮನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಹುಟ್ಟಿದ್ದು ನಮ್ಮ ಅಂಜನಾದ್ರಿಯಾಗ, ದಣಿವಾರಿಸಿಕೊಂಡಿದ್ದು ಇಲ್ಲಿ. ಇಷ್ಟು ದೂರ ಹಾರಿದ ಮ್ಯಾಲ ಕುಂದರಬ್ಯಾಡೇನಪಾ?" ಎಂದಳು.

ರಿಡ್ಜ್ ಬಗ್ಗೆಯೂ ಒಂದು ಮಾತು. ನೋಡಲು ಬರೀ ಬಯಲು, ಐಸ್‌ಕ್ರೀಮು ತಿನ್ನುವ ಜನ. ಆದರೆ ಆ ಬಯಲಿನ ಅಡಿಯಲ್ಲೇ ಊರಿಗೆ ನೀರು ಕೊಡುವ ದೊಡ್ಡ ತೊಟ್ಟಿಯಿದೆ. ಬೆಟ್ಟದ ಬೆನ್ನಿನ ಒಂದು ಕಡೆ ಬಿದ್ದ ಮಳೆ ಸಟ್ಲೆಜ್ ಸೇರಿ ಅರಬ್ಬಿ ಸಮುದ್ರದ ದಾರಿ ಹಿಡಿದರೆ, ಇನ್ನೊಂದು ಕಡೆಯದು ಯಮುನೆಯ ಮೂಲಕ ಬಂಗಾಳಕೊಲ್ಲಿಗೆ. ಸಕಲೇಶಪುರದ ಬಿಸಿಲೆ ಘಾಟಿಯಲ್ಲಿ ನಾವು ಕಾಣುವ ನೀರಿನ ವಿಭಜನೆ ಇಲ್ಲಿ ಪೇಟೆಯ ನಡುವೆಯೇ ಆಗುತ್ತದೆ.

ನೀರಿನ ನೆಪದಿಂದಲೇ ಉಳಿದಿರುವ ಕಾಡೊಂದು ಕುಫ್ರಿ ರಸ್ತೆಯಲ್ಲಿದೆ. ಶಿಮ್ಲಾ ಜಲಾನಯನ ವನ್ಯಧಾಮ ಅಂತ ಹೆಸರು, ಸುಮಾರು 10 ಚದರ ಕಿಲೋಮೀಟರ್. ಊರಿಗೆ ನೀರು ಬೇಕೆಂದು ಬ್ರಿಟಿಷರ ಕಾಲದಲ್ಲೇ ಕಾದಿಟ್ಟ ದೇವದಾರು, ಓಕ್ ಮರಗಳು. 2018ರ ಬೇಸಿಗೆಯಲ್ಲಿ ಶಿಮ್ಲಾದಲ್ಲಿ ಕುಡಿಯುವ ನೀರಿಗೇ ಹಾಹಾಕಾರವಾದದ್ದು ಗೊತ್ತಿದ್ದವರಿಗೆ ಈ ಕಾಡಿನ ಬೆಲೆ ತಿಳಿಯುತ್ತದೆ. ಒಳಗೆ ಹೋಗಲು ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗದ ಅನುಮತಿ ಬೇಕು, ಮುಂಚಿತವಾಗಿ ವಿಚಾರಿಸಿ. ಒಳಗಿನ ದಾರಿ ಅಗಲವಾಗಿದೆ, ಏರಿಳಿತ ಕಡಿಮೆ. ಇಡೀ ಪ್ರವಾಸದಲ್ಲಿ ಅಮ್ಮ ಹೆಚ್ಚು ದೂರ ನಡೆದದ್ದು ಇಲ್ಲೇ.

ಅದೇ ರಸ್ತೆಯಲ್ಲಿ ಮುಂದಿರುವ ಕುಫ್ರಿ, ಟ್ಯಾಕ್ಸಿ ಕಾರ್ಡಿನ ಮೊದಲ ಹೆಸರು, ನನಗೆ ಹಿಡಿಸಲಿಲ್ಲ. ಕುದುರೆಗಳ ಸಾಲು, ಲದ್ದಿ ಕಲಸಿದ ಕೆಸರು, ಚೌಕಾಶಿ. ಹೋಗಲೇಬೇಕೆಂದರೆ ಕುದುರೆ ಬಿಟ್ಟು ಹಿಮಾಲಯನ್ ನೇಚರ್ ಪಾರ್ಕ್ ನೋಡಿ. ಕರಡಿ, ಚಿರತೆ, ಬಣ್ಣಬಣ್ಣದ ಮೊನಾಲ್ ಹಕ್ಕಿ ಅಲ್ಲಿವೆ. ಏರಿಳಿತ ಇರುವುದರಿಂದ ಅಮ್ಮ ಅರ್ಧಕ್ಕೇ ಕುಳಿತಳು.

ಅರ್ಧ ದಿನ ಕೈಯಲ್ಲಿದ್ದರೆ ಮಶೋಬ್ರಾ ಕಡೆ ಹೋಗುವುದು ಮೇಲು. ಅಲ್ಲಿಂದ ಮೂರು ಕಿಲೋಮೀಟರ್ ದೂರದ ಕ್ರೇಗ್ನಾನೋ, ಇಟಲಿಯ ಮಿಠಾಯಿಗಾರ ಪೆಲಿಟಿ ಮಾಡಿಕೊಂಡಿದ್ದ ತೋಟ; ಈಗ ಉದ್ಯಾನ. ಎತ್ತರದ ಮರಗಳ ನಡುವೆ ಹುಲ್ಲುಹಾಸು, ಕಟ್ಟಿಕೊಂಡು ಹೋದ ಬುತ್ತಿ ಬಿಚ್ಚಲು ಹೇಳಿ ಮಾಡಿಸಿದ ಜಾಗ. ನಾವು ಚಪಾತಿಯ ಜೊತೆ ಶೇಂಗಾ ಚಟ್ನಿಪುಡಿ ತಿಂದೆವು. ಮಶೋಬ್ರಾ ಹತ್ತಿರದ ಈಗಿನ ರಾಷ್ಟ್ರಪತಿ ನಿವಾಸವೂ 2023ರಿಂದ ಸಾರ್ವಜನಿಕರಿಗೆ ತೆರೆದಿದೆ.

ಮಶೋಬ್ರಾ, ನಾಲ್ದೇರಾ ಕಡೆಯ ಬಸ್ಸುಗಳು ಲಕ್ಕಡ್ ಬಜಾರ್ ಕೆಳಗಿನ ನಿಲ್ದಾಣದಿಂದ ಹೊರಡುತ್ತವೆ, ಟ್ಯಾಕ್ಸಿಗೆ ಹೋಲಿಸಿದರೆ ಖರ್ಚು ಏನೂ ಅಲ್ಲ. ಕಂಡಕ್ಟರ್ ಅಮ್ಮನಿಗೆ 'ಮಾತಾಜಿ' ಎನ್ನುತ್ತ ಮುಂದಿನ ಸೀಟು ಬಿಡಿಸಿಕೊಟ್ಟ. ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಇಳಿಯುವಾಗಲೇ ಅವರನ್ನು ಕೇಳಿಕೊಳ್ಳಿ. ಚಪ್ಪಲಿ ಬೇಡ, ಅಡಿ ಒರಟಾಗಿರುವ ಶೂ ಹಾಕಿ. ಒಣಗಿದ ಪೈನ್ ಎಲೆ ಎಣ್ಣೆ ಚೆಲ್ಲಿದ ಹಾಗೆ ಜಾರುತ್ತದೆ.