ವ್ಯಾಕ್ಸ್‌ಗೆ ಮೊದಲು ಕ್ಲೇ: ಬಾನೆಟ್ ಮೇಲೆ ಒಂದು ಭಾನುವಾರ

ಆಯುಧ ಪೂಜೆಗೆ ಕಾರು ತೊಳೆದಿದ್ದೆ. ಎರಡು ಸಲ ಶಾಂಪೂ ಹಾಕಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಬಿಳಿ ಕಾರು ಫಳಫಳ ಅನ್ನುತ್ತಿತ್ತು. ಬಾನೆಟ್‌ಗೆ ಗಂಧ ಹಚ್ಚಲು ಬಂದ ಅಮ್ಮ ಬೆರಳು ಆಡಿಸಿ, "ಎಂಥದಿದು, ತರಿತರಿ ಉಂಟಲ್ಲ? ಸರಿ ತೊಳೆದಿದ್ದೀಯಾ?" ಅಂದರು.

ಕೈಯಿಟ್ಟು ನೋಡಿದೆ. ಹೌದು, ನಯವಾದ ಉಪ್ಪು ಕಾಗದದ ಹಾಗೆ. ಬಾಗಿ ನೋಡಿದರೆ ಸಾಸಿವೆಗಿಂತಲೂ ಸಣ್ಣ ಕಿತ್ತಳೆ ಚುಕ್ಕಿಗಳು. ಕಾರಿನ ತಗಡಿಗೇ ತುಕ್ಕು ಹಿಡಿಯಿತಾ ಅಂತ ಒಮ್ಮೆ ಎದೆ ಧಸಕ್ಕೆಂದಿತು. ಆಮೇಲೆ ಗೊತ್ತಾಯಿತು, ತುಕ್ಕು ಕಾರಿನದ್ದಲ್ಲ, ಹೊರಗಿಂದ ಬಂದದ್ದು. ನಮ್ಮ ಮನೆ ಉಡುಪಿಯ ಇಂದ್ರಾಳಿಯಲ್ಲಿ, ರೈಲು ಹಳಿಯಿಂದ ಕೂಗಿದರೆ ಕೇಳುವಷ್ಟು ದೂರ. ಚಕ್ರ ಮತ್ತು ಹಳಿ ಉಜ್ಜಿ ಹಾರುವ ಕಬ್ಬಿಣದ ಪುಡಿ, ರಸ್ತೆಯ ವಾಹನಗಳ ಬ್ರೇಕ್ ಸವೆದ ಪುಡಿ, ಎಲ್ಲ ಗಾಳಿಯಲ್ಲಿ ಬಂದು ಪೇಂಟ್‌ಗೆ ಕಚ್ಚಿಕೊಳ್ಳುತ್ತದೆ. ಮೇಲಿಂದ ನಾಲ್ಕು ತಿಂಗಳು ನಮ್ಮ ಊರಿನ ಮಳೆ. ಆ ಕಣಗಳು ಕೂತಲ್ಲೇ ತುಕ್ಕು ಹಿಡಿಯುತ್ತವೆ.

ಶಾಂಪೂ ಧೂಳು ತೆಗೆಯುತ್ತದೆ, ಕಚ್ಚಿಕೊಂಡದ್ದನ್ನು ತೆಗೆಯುವುದಿಲ್ಲ. ಅದರ ಮೇಲೆಯೇ ವ್ಯಾಕ್ಸ್, ಅಂದರೆ ಪೇಂಟ್‌ಗೆ ಹೊಳಪು ಕೊಟ್ಟು ಕಾಪಾಡುವ ಮೇಣ, ಹಚ್ಚಿದರೆ ತರಿ ಅಡಿಯಲ್ಲೇ ಉಳಿಯುತ್ತದೆ, ವ್ಯಾಕ್ಸೂ ಸರಿಯಾಗಿ ಹಿಡಿಯುವುದಿಲ್ಲ. ಎರಡು ವರ್ಷ ನಾನು ಮಾಡಿದ್ದು ಅದನ್ನೇ.

ಪೇಟೆಯ ಕಾರ್ ಆಕ್ಸೆಸರೀಸ್ ಅಂಗಡಿಯಿಂದ ಹೀಗೆ ಕಚ್ಚಿಕೊಂಡ ಕಣಗಳನ್ನು ಉಜ್ಜಿ ಕೀಳುವ, 200 ಗ್ರಾಮಿನ ಒಂದು ಕ್ಲೇ ಬಾರ್ ತಂದೆ. ಎಷ್ಟು ಜೋರಾಗಿ ಉಜ್ಜುತ್ತದೆ ಅನ್ನುವ ಲೆಕ್ಕದಲ್ಲಿ ಫೈನ್, ಮೀಡಿಯಂ, ಹೆವಿ ಅಂತ ಬರುತ್ತದೆ. ಮನೆ ಕಾರಿಗೆ, ಅದರಲ್ಲೂ ಮೊದಲ ಸಲಕ್ಕೆ, ಫೈನ್ ಸಾಕು. ಅಮ್ಮ ನೋಡಿ, "ಮಣ್ಣು ತೆಗೆಯಲಿಕ್ಕೆ ಮಣ್ಣೇ ತಂದದ್ದಾ?" ಅಂದರು. ಹೆಸರು ಕ್ಲೇ ಅಷ್ಟೇ, ಜೇಡಿಮಣ್ಣು ಅಲ್ಲ. ಮೆತ್ತಗಿನ ಪ್ಲಾಸ್ಟಿಕ್ ಥರದ ಮುದ್ದೆ, ಒಳಗೆ ತುಂಬ ನುಣ್ಣಗಿನ ಉಜ್ಜುವ ಪುಡಿ. ಜಪಾನಿನಿಂದ ಬಂದ ಸಾಮಾನು ಇದು. ಅಲ್ಲಿಯ ತಡಾವೊ ಕೊಡಾಟೆ ಎಂಬವರ ಹೆಸರಿಗೆ 1995ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿದೆ.

ಮೊದಲ ಪ್ರಯತ್ನ ಪೂರಾ ಎಡವಟ್ಟು. ಬೆಳಿಗ್ಗೆ ಹನ್ನೊಂದು ಗಂಟೆ, ಬಿಸಿಲಲ್ಲಿ ನಿಂತ ಕಾರು, ಮುಟ್ಟಿದರೆ ಕೈ ಸುಡುವ ಬಾನೆಟ್. ಸ್ವಲ್ಪ ನೀರು ಚಿಮುಕಿಸಿ ಕ್ಲೇ ಉಜ್ಜಿದೆ. ನೀರು ನಿಮಿಷದಲ್ಲಿ ಆವಿ. ಕ್ಲೇ ಬಬಲ್ ಗಮ್ ಥರ ಪೇಂಟ್‌ಗೆ ಮೆತ್ತಿಕೊಂಡಿತು. ಕೊಳೆ ಗಟ್ಟಿ ಇರಬೇಕು ಅಂದುಕೊಂಡು ಇನ್ನೂ ಜೋರಾಗಿ ಒತ್ತಿದೆ. ಅದಂತೂ ಶುದ್ಧ ದಡ್ಡತನ.

ಇಲ್ಲಿ ಕೆಲಸ ಮಾಡುವುದು ಕೈಯ ಬಲ ಅಲ್ಲ, ಜಾರಿಕೆ. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೆ ತೆಂಗಿನೆಣ್ಣೆ ಸವರುತ್ತೇವಲ್ಲ, ಅದೇ ಲೆಕ್ಕ. ಎಣ್ಣೆ ಇದ್ದರೆ ಮೇಣ ಕೈಗೆ ಹಿಡಿಯುವುದಿಲ್ಲ. ಇಲ್ಲಿ ಎಣ್ಣೆಯ ಬದಲು ಕ್ಲೇ ಜೊತೆ ಸಿಗುವ ಲ್ಯೂಬ್ರಿಕೆಂಟ್ ಸ್ಪ್ರೇ. ಬಾಟಲಿ ಬೇಗ ಖಾಲಿಯಾಯಿತು. ಆಮೇಲೆ ನಾನು ಒಂದು ಲೀಟರ್ ನೀರಿಗೆ ಎರಡು ಚಮಚ ಕಾರ್ ಶಾಂಪೂ ಕಲಸಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಗೆ ತುಂಬಿಸಿದೆ. ಚೆನ್ನಾಗಿಯೇ ನಡೆಯಿತು. ಪಾತ್ರೆ ತೊಳೆಯುವ ಲಿಕ್ವಿಡ್ ಮಾತ್ರ ಹಾಕಬೇಡಿ.

ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೇ ಶುರು ಮಾಡಿದೆ. ಕಾರು ಮಾವಿನ ಮರದ ಅಡಿ ಅಲ್ಲ, ಶೀಟ್ ಹಾಕಿದ ಶೆಡ್‌ನಲ್ಲಿ. ಮರದ ಅಡಿ ನೆರಳೇನೋ ಉಂಟು, ಜೊತೆಗೆ ಅಂಟೂ ಹಕ್ಕಿ ಹಿಕ್ಕೆಯೂ ಉಂಟು. ಮೊದಲು ತೊಳೆದೆ. ಕೆಳಗೆ ಬಾಗಿಲ ಅಂಚಿನಲ್ಲಿ ಹೆದ್ದಾರಿಯ ಡಾಂಬರು ಕರಿ ಚುಕ್ಕಿಯಾಗಿ ಹಿಡಿದಿತ್ತು, ಅದನ್ನು ಟಾರ್ ರಿಮೂವರ್ ಹಾಕಿ ಬೇರೆಯೇ ತೆಗೆದೆ. ಕಬ್ಬಿಣದ ಪುಡಿಗೂ ಒಂದು ಸ್ಪ್ರೇ ಬರುತ್ತದೆ. ಹೊಡೆದು ಮೂರ್ನಾಲ್ಕು ನಿಮಿಷ ಬಿಟ್ಟರೆ ಬಿಳಿ ಕಾರಿನ ಮೈಯಿಂದ ನೇರಳೆ ಬಣ್ಣ ಇಳಿಯುತ್ತದೆ, ನೇರಳೆ ಹಣ್ಣು ತಿಂದ ಮಗುವಿನ ಬಾಯಿಯ ಹಾಗೆ. ವಾಸನೆ ಮಾತ್ರ ಕೊಳೆತ ಮೊಟ್ಟೆ. ಒಣಗಲು ಬಿಡದೆ ತೊಳೆಯಬೇಕು. ಇಷ್ಟಾದರೆ ಕ್ಲೇ ಕೆಲಸ ಅರ್ಧ ಹಗುರ.

ಕ್ಲೇಯನ್ನು ನಾಲ್ಕು ತುಂಡು ಮಾಡಿ ಒಂದನ್ನು ತೆಗೆದುಕೊಂಡೆ. ಬೆಳಗಿನ ಹೊತ್ತು ಗಟ್ಟಿ ಇತ್ತು, ಬಿಸಿ ನೀರಲ್ಲಿ ಎರಡು ನಿಮಿಷ ಮುಳುಗಿಸಿ ಚಪಾತಿ ಹಿಟ್ಟಿನ ಹಾಗೆ ನಾದಿದೆ. ನಿಪ್ಪಟ್ಟಿನಷ್ಟು ಅಗಲ ತಟ್ಟಿ ಮೂರು ಬೆರಳಿನ ಅಡಿಗೆ ಇಟ್ಟುಕೊಂಡೆ. ಒಮ್ಮೆಗೆ ಎರಡಡಿ ಅಗಲ ಎರಡಡಿ ಉದ್ದ, ಅದಕ್ಕಿಂತ ಜಾಸ್ತಿ ಬೇಡ. ಜಾಗ ಒದ್ದೆಯಾಗಿ ಹೊಳೆಯುವಷ್ಟು ಸ್ಪ್ರೇ, ಕ್ಲೇಗೂ ಸ್ಪ್ರೇ. ಮತ್ತೆ ಹಿಂದೆ ಮುಂದೆ, ನೇರ ಗೆರೆಯಲ್ಲಿ. ವೃತ್ತಾಕಾರವಾಗಿ ತಿಕ್ಕಬಾರದು. ಗೀರು ಬಿದ್ದರೆ ಬಿಸಿಲಲ್ಲಿ ಜೇಡರ ಬಲೆಯ ಹಾಗೆ ಕಾಣುತ್ತದೆ.

ಮೊದಲು ಕಿವಿಗೆ ಗೊತ್ತಾಗುತ್ತದೆ. ಕರಕರ ಅಂತ ಸಣ್ಣ ಸದ್ದು, ಬೆರಳ ತುದಿಗೆ ಎಳೆತ. ಏಳೆಂಟು ಸಲ ಆಡಿಸುವಷ್ಟರಲ್ಲಿ ಸದ್ದು ಕಮ್ಮಿಯಾಗಿ, ಆಮೇಲೆ ಪೂರಾ ನಿಂತು, ಕ್ಲೇ ತನ್ನಷ್ಟಕ್ಕೆ ಜಾರುತ್ತದೆ. ಅಲ್ಲಿಗೆ ಆ ಜಾಗ ಮುಗಿಯಿತು. ತಿರುಗಿಸಿ ನೋಡಿದರೆ ಬೂದು ಬಣ್ಣದ ಕ್ಲೇ ಮೇಲೆ ಕಂದು ಗೆರೆಗಳು. ತೊಳೆದ ಕಾರಿನಿಂದ ಬಂದದ್ದು ಇದು! ಹಾಗೇ ಮಡಚಿ, ನಾದಿ, ಹೊಸ ಮುಖ ಹೊರಗೆ ತಂದು ಪಕ್ಕದ ಜಾಗಕ್ಕೆ ಹೋಗಬೇಕು. ಇದರಲ್ಲಿ ಸೋಮಾರಿತನ ಮಾಡಿದರೆ ಕಿತ್ತ ಪುಡಿಯಿಂದಲೇ ಪೇಂಟ್ ಗೀರಿದಂತೆ.

ಮುಗಿಯಿತೋ ಇಲ್ಲವೋ ಅನುಮಾನ ಬಂದರೆ ತೆಳ್ಳಗಿನ ಪ್ಲಾಸ್ಟಿಕ್ ತೊಟ್ಟೆಯೊಳಗೆ ಕೈ ಹಾಕಿ ಮೆಲ್ಲ ಸವರಿ. ಬರಿಗೈಗೆ ಗೊತ್ತಾಗದ ತರಿಯೂ ತೊಟ್ಟೆಯಲ್ಲಿ ಗೊತ್ತಾಗುತ್ತದೆ. ಬಾನೆಟ್‌ನ ಎಡ ಅರ್ಧ ಕ್ಲೇ ಆಗಿದ್ದಾಗ ಅಮ್ಮನ ಕೈಗೆ ತೊಟ್ಟೆ ಹಾಕಿಸಿ ಎರಡೂ ಬದಿ ಮುಟ್ಟಿಸಿದೆ. "ಈಚೆಗೆ ಗಾಜು, ಆಚೆಗೆ ರವೆ" ಅಂದರು.

ಬಲಗಡೆ ಬಾಗಿಲಿಗೆ ಬಂದಾಗ ಕ್ಲೇ ಕೈಜಾರಿ ಅಂಗಳಕ್ಕೆ ಬಿತ್ತು. ಬಿದ್ದ ಕ್ಲೇ ಕಸದ ಬುಟ್ಟಿಗೆ ಅಂತ ಓದಿದ್ದೆ. ಆದರೆ ದುಡ್ಡು ಕೊಟ್ಟ ಸಾಮಾನು ಅಲ್ವಾ? ನಲ್ಲಿ ನೀರಿಗೆ ಹಿಡಿದು, ಕಾಣುವ ಕಲ್ಲು ತೆಗೆದು, ಮತ್ತೆ ಉಜ್ಜಿದೆ. ಕೆಂಪು ಕಲ್ಲಿನ ಪುಡಿ ಒಂದು ಕಣ ಒಳಗೆ ಉಳಿದಿರಬೇಕು. ಹಿಡಿಕೆಯ ಕೆಳಗೆ ಗೇಣುದ್ದದ ಎರಡು ಗೀರು. ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್ ಅನ್ನುವುದು, ತಲೆಗೂದಲಿಗಿಂತ ತೆಳು, ಅದಕ್ಕೆ ಇಷ್ಟು ಸಾಕು. ಪುಣ್ಯಕ್ಕೆ ಉಗುರಿಗೆ ಸಿಗದಷ್ಟು ಮೇಲುಮೇಲಿನ ಗೀರು, ಆದರೂ ಸಂಜೆ ಬಿಸಿಲಿಗೆ ಇವತ್ತಿಗೂ ಕಾಣುತ್ತದೆ. ಕ್ಲೇ ಗೀರು ತೆಗೆಯುವುದಿಲ್ಲ, ಅದಕ್ಕೆ ಪಾಲಿಶ್ ಬೇಕು. ಮೂವತ್ತು ರೂಪಾಯಿಯ ತುಂಡು ಉಳಿಸಲು ಹೋದ ಕಥೆ ಇದು.

ಮುಂದಿನ ಗಾಜಿಗೂ ಹಾಕಿದೆ. ವೈಪರ್ ಕಿರ್ ಕಿರ್ ಅನ್ನುತ್ತಿದ್ದದ್ದು ಆಮೇಲೆ ತುಂಬ ಕಮ್ಮಿಯಾಯಿತು. ಮ್ಯಾಟ್ ಪೇಂಟ್ ಇರುವವರು ಈ ಗೊಡವೆಗೇ ಹೋಗಬೇಡಿ, ಉಜ್ಜಿದಲ್ಲಿ ಹೊಳಪು ಬಂದು ಬೇರೆಯೇ ಕಾಣುತ್ತದೆ.

ಕ್ಲೇ ಉಜ್ಜಿದಾಗ ಹಳೆಯ ವ್ಯಾಕ್ಸ್ ಕೂಡ ಬಹಳಷ್ಟು ಹೋಗಿರುತ್ತದೆ, ಪೇಂಟ್ ಬರಿಮೈ. ಹಾಗಾಗಿ ಇನ್ನೊಮ್ಮೆ ತೊಳೆದು ಒಣಗಿಸಿ ಅವತ್ತೇ ವ್ಯಾಕ್ಸ್ ಹಚ್ಚಿದೆ. ನನ್ನದು ಕಾರ್ನೌಬಾ ವ್ಯಾಕ್ಸ್. ಬ್ರೆಜಿಲ್‌ನ ಒಂದು ಜಾತಿಯ ತಾಳೆಮರದ ಎಲೆಯಿಂದ ತೆಗೆಯುವ ಮೇಣ ಅದು. ಆದಷ್ಟು ತೆಳ್ಳಗೆ ಹಚ್ಚಬೇಕು, ದಪ್ಪ ಹಚ್ಚಿದರೆ ಒರೆಸುವಾಗ ಕೈ ಸೋಲುತ್ತದೆ. ನಮ್ಮ ಸೆಖೆಗೆ ಒಣಗಲು ಡಬ್ಬಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು. ಬೆರಳಿಂದ ಎಳೆದಾಗ ಮಬ್ಬು ಸರಿದು ಕೆಳಗೆ ಸ್ವಚ್ಛ ಹೊಳಪು ಕಂಡರೆ ಒರೆಸಬಹುದು. ಎಲ್ಲ ಸೇರಿ ಐದು ಗಂಟೆ ಹಿಡಿಯಿತು, ಮಧ್ಯೆ ನೀರ್ ದೋಸೆಗೆ ಬಿಟ್ಟ ಅರ್ಧ ಗಂಟೆ ಬೇರೆ.

ನಾನೀಗ ಮಳೆಗಾಲ ಮುಗಿದ ಮೇಲೆ ವರ್ಷಕ್ಕೆ ಒಂದೇ ಸಲ ಕ್ಲೇ ಮಾಡುತ್ತೇನೆ. ತೊಟ್ಟೆ ಹಾಕಿ ಸವರಿದಾಗ ನಯ ಇದ್ದರೆ ಅದೂ ಇಲ್ಲ. ಉಳಿದ ತುಂಡುಗಳು ಎರಡು ಪ್ಲಾಸ್ಟಿಕ್ ಡಬ್ಬಿಯಲ್ಲಿವೆ, ಒಣಗದ ಹಾಗೆ ಒಂದಿಷ್ಟು ಸ್ಪ್ರೇ ಹೊಡೆದು ಮುಚ್ಚಿಟ್ಟಿದ್ದೇನೆ. ಚಕ್ರದ ಬದಿ, ಬಾಗಿಲ ಕೆಳಗೆಲ್ಲ ಉಜ್ಜಿದ್ದು ಮತ್ತೆ ಬಾನೆಟ್‌ಗೆ ಬರಬಾರದು ಅಂತ ಮಾರ್ಕರ್‌ನಲ್ಲಿ ಒಂದರ ಮೇಲೆ "ಮೇಲೆ", ಇನ್ನೊಂದರ ಮೇಲೆ "ಕೆಳಗೆ" ಅಂತ ಬರೆದಿದ್ದೇನೆ. ಅದರ ಕೆಳಗೆ ಅಮ್ಮ ಪೆನ್ನಿನಲ್ಲಿ ಸೇರಿಸಿದ್ದಾರೆ: "ತಿನ್ನುವುದಲ್ಲ."