ದೋಣಿಗೆ ಬ್ಯಾಟರಿ ಚಾರ್ಜರ್ ಹಾಕಿಸುವಾಗ

ಮಳೆಗಾಲದಲ್ಲಿ ಮಲ್ಪೆ, ಗಂಗೊಳ್ಳಿ ಕಡೆ ಬೋಟುಗಳು ದಡ ಸೇರಿದಾಗ ವೈರಿಂಗ್ ಕೆಲಸಕ್ಕೆ ಒಳ್ಳೆ ಸಮಯ. ಚಾರ್ಜರ್ ಹಾಕಿಸುವವರು ಇದನ್ನು ನೋಡಿಕೊಳ್ಳಿ.

ಜಾಗ ಖಾಲಿ ಇದೆ ಅಂತ ಸುಮ್ನೆ ಬ್ಯಾಟರಿಯ ನೇರ ಮೇಲೆ ಚಾರ್ಜರ್ ಕೂರಿಸಬೇಡಿ. ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಮೇಲೇಳುತ್ತದೆ, ಒಂದು ಕಿಡಿ ಸಾಕು. ಆಸಿಡ್ ಹಬೆ ಚಾರ್ಜರನ್ನೂ ತಿಂದುಹಾಕುತ್ತದೆ. ಪಕ್ಕದಲ್ಲಿ, ಗಾಳಿಯಾಡುವ ಕಡೆ, ನೀರು ಸಿಡಿಯದ ಎತ್ತರದಲ್ಲಿ ಇರಲಿ.

ಇನ್ನು ಫ್ಯೂಸ್. ಜಾಸ್ತಿ ಜನ ಚಾರ್ಜರ್ ಹತ್ತಿರ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ಬೋಟು ಅಲುಗಾಡಿ ವೈರ್ ಎಲ್ಲೋ ಉಜ್ಜಿ ಶಾರ್ಟ್ ಆದರೆ ಕರೆಂಟ್ ನುಗ್ಗುವುದು ಬ್ಯಾಟರಿಯಿಂದ ಅಲ್ವಾ? ಅದಕ್ಕೇ ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು.

ವೈರ್ ತವರ ಲೇಪದ ತಾಮ್ರದ್ದೇ ಕೇಳಿ ತನ್ನಿ. ಮಾಮೂಲಿ ವೈರ್ ಉಪ್ಪುಗಾಳಿಗೆ ಪ್ಲಾಸ್ಟಿಕ್ ಒಳಗೇ ಹಸಿರುಗಟ್ಟುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ವೈರ್ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ಸರಿಯಾದ ಇಕ್ಕಳದಲ್ಲಿ ಒತ್ತಿಸಿ, ಸುತ್ತಿ ಟೇಪ್ ಹಾಕುವ ಕೆಲಸ ಬೇಡ.

ದಡದಿಂದ ಬರುವ 230 ವೋಲ್ಟ್ ಕರೆಂಟ್ ಕಡೆಗೆ ಅರ್ತ್ ಮತ್ತು 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್) ಕಡ್ಡಾಯ. ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ. ಬಳಸುವಾಗ ಮೊದಲು ಬ್ಯಾಟರಿಗೆ ಜೋಡಿಸಿ, ಆಮೇಲೆ ಮೇನ್ಸ್ ಸ್ವಿಚ್ ಹಾಕಿ. ತೆಗೆಯುವಾಗ ಉಲ್ಟಾ.