ಮೊದಲ ಮರಗೆಲಸಕ್ಕೆ ಒಂದು ಮಣೆ

ಮರಗೆಲಸ ಕಲಿಯಲು ಬಂದವರಿಗೆ ನಾನು ಮೊದಲು ಮಾಡಿಸುವುದು ಮಣೆ. ಒಂದು ಹಲಗೆ, ಅದರ ಕೆಳಗೆ ಎರಡು ಪಟ್ಟಿ, ಆರು ಸ್ಕ್ರೂ, ಅಷ್ಟೇ. ಮಕ್ಕಳು, ಕೈ ನಡುಗುವ ಹಿರಿಯರು, ಕಣ್ಣು ಕಾಣದವರು, ಒಂದೇ ಕೈಯಲ್ಲಿ ಕೆಲಸ ಮಾಡುವವರು, ಎಲ್ಲರಿಗೂ ಇದು ಒದಗುತ್ತದೆ. ಅಳತೆ ತಪ್ಪದಂತೆ ಕಾಯುವುದು ಕೈಯ ಪಳಗಿಕೆಯಲ್ಲ, ಮೇಜಿಗೆ ಬಿಗಿದ ತಡೆಕಟ್ಟಿಗೆ, ಅಂದರೆ ಮರದ ತುದಿ ತಾಗಿ ನಿಲ್ಲುವ ತುಂಡು.

ಹಲಗೆ 18 ಇಂಚು ಉದ್ದ, 10 ಇಂಚು ಅಗಲ, ಕೀಸಿದ ಮೇಲೆ 20 ಮಿ.ಮೀ. ದಪ್ಪ. ಪಟ್ಟಿಗಳು 8 ಇಂಚು ಉದ್ದ, 40 ಮಿ.ಮೀ. ಅಗಲ, 25 ಮಿ.ಮೀ. ದಪ್ಪ. ಹಲಸು ಸಿಕ್ಕರೆ ಬೇರೆ ಹುಡುಕಬೇಡಿ. ಹಳದಿಯಾಗಿದ್ದದ್ದು ಬೆಳಕಿಗೆ ಕೆಂಗಂದಾಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಡೆ ಕಾಫಿ ತೋಟದ ಸಿಲ್ವರ್ ಓಕ್ ಕೂಡ ಆದೀತು. ಮರ ಒಣಗಿರಲೇಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ವಾರ ಬಿಟ್ಟು ಮತ್ತೆ ತೂಗಿ. ತೂಕ ಇಳಿದಿದ್ದರೆ ಇನ್ನೂ ಹಸಿ.

ಗುರುತಿಗೆ ಪೆನ್ಸಿಲ್ ಬದಲು ಮೂಲೆಮಟ್ಟಕ್ಕೆ (ನೇರ ಮೂಲೆ ನೋಡುವ ಎಲ್ ಆಕಾರದ ಸಾಧನ) ಒತ್ತಿ ಚೂರಿಯಿಂದ ಗೀರುತ್ತೇವೆ. ಆ ಗೀರು ಉಗುರಿಗೂ ಸಿಗುತ್ತದೆ, ಗರಗಸಕ್ಕೂ ದಾರಿ ತೋರುತ್ತದೆ. ಪಟ್ಟಿ ಕೊಯ್ಯುವಾಗ 8 ಇಂಚಿಗೆ ತಡೆಕಟ್ಟಿಗೆ ಬಿಗಿದರೆ ಎರಡೂ ಒಂದೇ ಉದ್ದ ಬರುತ್ತವೆ. ಮರವನ್ನು ಎರಡು ಜಿ-ಕ್ಲ್ಯಾಂಪ್ ಹಿಡಿದಿದ್ದರೆ ಗರಗಸಕ್ಕೆ ಒಂದು ಕೈ ಸಾಕು. ಗಾಲಿಕುರ್ಚಿಯವರಿಗೆ ಅಡಿಯಲ್ಲಿ ಮಂಡಿಗೆ ಜಾಗವಿರುವ, ಸುಮಾರು 30 ಇಂಚು ಎತ್ತರದ ಮೇಜು ಬೇಕು.

ಹೆಚ್ಚಿನವರು ಕೆಡಿಸುವುದು ಪಟ್ಟಿ ಕೂರಿಸುವಾಗ. ಅಂಟು ಹಚ್ಚಿ, ಪಟ್ಟಿಯ ಮೂರೂ ಸ್ಕ್ರೂ ಬಿಗಿದು, ಗಟ್ಟಿಯಾಯಿತು ಎಂದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಡ್ಡಲಾಗಿ ಕೂತ ಪಟ್ಟಿ ಉದ್ದಕ್ಕೆ ಹೆಚ್ಚೂಕಡಿಮೆ ಕದಲುವುದೇ ಇಲ್ಲ. ಆ ಎಳೆದಾಟದಲ್ಲಿ ಹಲಗೆ ಸೀಳುತ್ತದೆ. ಆದ್ದರಿಂದ ಅಂಟು ಬೇಡವೇ ಬೇಡ. ಪಟ್ಟಿಯ ನಡುವಿನ ತೂತು 4.5 ಮಿ.ಮೀ., ತುದಿಯ ಎರಡೂ 6 ಮಿ.ಮೀ. ಇರಲಿ. ನಡುವಿನ ಸ್ಕ್ರೂ ಹಲಗೆಯನ್ನು ಹಿಡಿಯುತ್ತದೆ, ತುದಿಯವು ಅದು ಸರಿದಾಡಲು ಬಿಡುತ್ತವೆ.

ತೂತು ಕೊರೆಯುವ ಮೊದಲೇ, ಸ್ಕ್ರೂ ತಲೆ ನೆಲಕ್ಕೆ ತಾಗದಂತೆ, 12 ಮಿ.ಮೀ. ಡ್ರಿಲ್ ಬಿಟ್‌ನಿಂದ ಪಟ್ಟಿಯ ಕೆಳಮುಖದಲ್ಲಿ ಮೂರೂ ಕಡೆ 6 ಮಿ.ಮೀ. ಆಳದ ಕುಳಿ ತೆಗೆಯಿರಿ. 8ನೇ ನಂಬರಿನ 32 ಮಿ.ಮೀ. ಸ್ಕ್ರೂ, ಉರುಟು ತಲೆಯದು, ವಾಷರ್ ಹಾಕಿ. ಹಲಗೆಗೆ 3 ಮಿ.ಮೀ. ಬಿಟ್‌ನಿಂದ 13 ಮಿ.ಮೀ. ಆಳ ಮಾತ್ರ ಕೊರೆಯಬೇಕು. ಆಳದ ಗುರುತಿಗೆ ಬಿಟ್‌ಗೆ ಟೇಪ್ ಸುತ್ತುವ ರೂಢಿಯಿದೆ. ನಾನು ಬಿಟ್‌ಗೆ ಮರದ ಮಣಿ ಪೋಣಿಸಿ 13 ಮಿ.ಮೀ. ಹೊರಗೆ ಉಳಿಸುತ್ತೇನೆ. ಮಣಿ ತಾಗಿ ನಿಂತಿತೆಂದರೆ ಆಳ ಸರಿ, ನೋಡಬೇಕಾಗಿಲ್ಲ. ಮಕ್ಕಳಿಗೆ ಕೈಯಲ್ಲಿ ತಿರುಗಿಸುವ ಡ್ರಿಲ್ ಒಳ್ಳೆಯದು. ಸ್ಕ್ರೂಗೆ ಸ್ವಲ್ಪ ಸೋಪು ಉಜ್ಜಿದರೆ ಹಲಸಿನಲ್ಲೂ ಸಲೀಸಾಗಿ ಇಳಿಯುತ್ತದೆ.

ಮರಳುಕಾಗದ 80, 120, 180 ನಂಬರಿನವು, ಇದೇ ಕ್ರಮದಲ್ಲಿ, ಮರದ ಎಳೆಯ ಜಾಡಿನಲ್ಲೇ ಉಜ್ಜಬೇಕು, ಮಾಸ್ಕ್ ಹಾಕಿಕೊಂಡು. ಒರಟು ಎಲ್ಲಿ ಉಳಿದಿದೆ ಎಂದು ಕಣ್ಣಿಗಿಂತ ಅಂಗೈ ಚೆನ್ನಾಗಿ ಹೇಳುತ್ತದೆ. ಕಣ್ಣು ಕಾಣದವರ ಮಣೆ ಎಷ್ಟೋ ಸಲ ಎಲ್ಲಕ್ಕಿಂತ ನುಣುಪಾಗಿರುವುದು ಅದಕ್ಕೇ. ಆ ನುಣುಪನ್ನು ಸವರಿ ನೋಡುವ ಸುಖವೇ ಬೇರೆ.

ಕೊನೆಗೆ ಅಗಸೆ ಎಣ್ಣೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಎಂದು ಕೇಳಿ. ಹಚ್ಚಿ, 15 ನಿಮಿಷ ಬಿಟ್ಟು ಒರೆಸಿ, ಮರುದಿನ ಇನ್ನೊಂದು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಒಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಸೆಟೆದ ಮೇಲೆ ಕಸಕ್ಕೆ ಹಾಕಿ.